ಬ್ಯಾಂಟಮ್ ಕೋಳಿಗಳ ಆರೋಗ್ಯ: ಸಣ್ಣ ಹಕ್ಕಿಗೆ ಸಣ್ಣ ಅಳತೆಯ ಆರೈಕೆ

ಕೋಳಿ ಉದ್ಯಮವೆಂದೊಡನೆ ವರ್ತಕರ ಕಣ್ಣೆದುರಿಗೆ ಬರುವುದು ಸಾವಿರಾರು ಮಾಂಸದ ಕೋಳಿಗಳಿರುವ ಶೆಡ್ಡು, ಇಲ್ಲವೇ ಪಂಜರಗಳಲ್ಲಿ ಸಾಲುಗಟ್ಟಿ ನಿಂತ ಮೊಟ್ಟೆಕೋಳಿಗಳು. ಇವುಗಳ ಪಕ್ಕದಲ್ಲೇ ಸದ್ದಿಲ್ಲದೆ ನಡೆಯುತ್ತಿರುವ ಇನ್ನೊಂದು ವಹಿವಾಟೆಂದರೆ ಅಲಂಕಾರಕ್ಕಾಗಿ ಸಾಕುವ ಬ್ಯಾಂಟಮ್ ಕೋಳಿಗಳದು. ಇಲ್ಲಿ ಹಕ್ಕಿಯನ್ನು ಮಾರುವುದು ಕಿಲೋ ಲೆಕ್ಕದಲ್ಲಲ್ಲ, ಜೋಡಿಯ ಲೆಕ್ಕದಲ್ಲಿ. ಬಣ್ಣ, ಗಾತ್ರ, ಪುಕ್ಕದ ಅಂದ ಮತ್ತು ತಳಿಯ ಶುದ್ಧತೆಗೆ ಬೆಲೆ. ಆದ್ದರಿಂದಲೇ ಒಂದು ಹಕ್ಕಿಯ ಸಾವು ಇಲ್ಲಿ ಭಾರಿ ನಷ್ಟವಾಗುತ್ತದೆ. ಹಿಂಡೇ ಹೋದರಂತೂ ಹಲವು ವರ್ಷಗಳ ತಳಿ ಆಯ್ಕೆಯ ಶ್ರಮ ಒಂದು ವಾರದಲ್ಲಿ ಮಣ್ಣುಪಾಲಾಗುತ್ತದೆ.

ಬ್ಯಾಂಟಮ್‌ಗಳಿಗೆ ಬರುವ ಕಾಯಿಲೆಗಳು ಬಹುಮಟ್ಟಿಗೆ ಎಲ್ಲ ಕೋಳಿಗಳಿಗೂ ಬರುವಂಥವೇ. ತೊಂದರೆಯಿರುವುದು ಬೇರೆಡೆ. ಕೋಳಿ ಉದ್ಯಮಕ್ಕೆಂದು ತಯಾರಾಗುವ ಔಷಧ, ಲಸಿಕೆ, ಆಹಾರ, ನೀರಿನ ಪಾತ್ರೆ ಎಲ್ಲವೂ ದೊಡ್ಡ ಹಕ್ಕಿಯ ಮತ್ತು ದೊಡ್ಡ ಹಿಂಡಿನ ಅಳತೆಗೆ ತಕ್ಕಂತಿವೆ. ಹತ್ತು ಹಕ್ಕಿ ಸಾಕುವವರು ಅದೇ ಅಳತೆಯನ್ನು ಅನುಸರಿಸಿದರೆ ನಷ್ಟ ಅನಿವಾರ್ಯ. ಈ ಅಂತರವನ್ನು ಅರಿತ ಮಾರಾಟಗಾರನಿಗೆ ನಷ್ಟ ತಪ್ಪುತ್ತದೆ. ಅರಿತ ತಯಾರಕನಿಗೆ ಹೊಸ ಮಾರುಕಟ್ಟೆಯೂ ದೊರೆಯುತ್ತದೆ.

ಬಂದರಿನಿಂದ ಬಂದ ಹೆಸರು

ಬ್ಯಾಂಟಮ್ ಎಂಬುದು ಮೂಲತಃ ಒಂದು ವ್ಯಾಪಾರ ಕೇಂದ್ರದ ಹೆಸರು. ಇಂಡೋನೇಷ್ಯಾದ ಜಾವಾ ದ್ವೀಪದ ಪಶ್ಚಿಮ ತುದಿಯಲ್ಲಿರುವ ಬಾಂಟೆನ್ ಬಂದರು ಕರಿಮೆಣಸಿನ ವ್ಯಾಪಾರಕ್ಕೆ ಪ್ರಸಿದ್ಧವಾಗಿತ್ತು. 1596ರಲ್ಲಿ ಡಚ್ಚರು ಅಲ್ಲಿಗೆ ಬಂದರು. 1602ರಲ್ಲಿ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯೂ ತನ್ನ ಕೋಠಿಯನ್ನು ಅಲ್ಲಿ ತೆರೆಯಿತು. ಹಡಗಿನವರು ಪ್ರಯಾಣದ ಆಹಾರಕ್ಕಾಗಿ ಕೊಂಡೊಯ್ಯುತ್ತಿದ್ದ ಆ ಪ್ರದೇಶದ ಪುಟ್ಟ ಕೋಳಿಗಳಿಗೆ ಬಂದರಿನ ಹೆಸರೇ ಅಂಟಿಕೊಂಡಿತು. ಮುಂದೆ ಯಾವುದೇ ದೇಶದ ಗಿಡ್ಡ ಕೋಳಿಗೂ ಅದೇ ಹೆಸರು ಬಳಕೆಗೆ ಬಂದಿತು.

ಇಂದು ಬ್ಯಾಂಟಮ್‌ಗಳಲ್ಲಿ ಎರಡು ಬಗೆಗಳನ್ನು ಗುರುತಿಸಲಾಗುತ್ತದೆ. ದೊಡ್ಡ ರೂಪವೇ ಇಲ್ಲದ ಸೆಬ್ರೈಟ್, ಜಪಾನಿನ ಚಾಬೋ ಮೊದಲಾದವು ಮೂಲ ಬ್ಯಾಂಟಮ್‌ಗಳು. ದೊಡ್ಡ ತಳಿಯನ್ನು ಆಯ್ಕೆಯ ಮೂಲಕ ಕುಗ್ಗಿಸಿ ಪಡೆದವು ಎರಡನೆಯ ಬಗೆ. ಮಲೇಷ್ಯಾದ ಸೆರಾಮಾ ಇವೆಲ್ಲವುಗಳಲ್ಲಿ ಅತಿ ಪುಟ್ಟದು. ಅದರ ತೂಕ ಸಾಮಾನ್ಯವಾಗಿ 500 ಗ್ರಾಮ್‌ಗಿಂತ ಕಡಿಮೆ. ರೇಷ್ಮೆಯಂತಹ ಪುಕ್ಕವುಳ್ಳ ಸಿಲ್ಕಿಯನ್ನು ಅಮೆರಿಕದಲ್ಲಿ ಬ್ಯಾಂಟಮ್ ಎಂದೂ ಬ್ರಿಟನ್ನಿನಲ್ಲಿ ದೊಡ್ಡ ಕೋಳಿಯೆಂದೂ ವರ್ಗೀಕರಿಸುತ್ತಾರೆ. ಬಹುತೇಕ ಬ್ಯಾಂಟಮ್‌ಗಳ ತೂಕ ಅರ್ಧ ಕಿಲೋದಿಂದ ಒಂದು ಕಿಲೋವರೆಗೆ ಇರುತ್ತದೆ.

ಸಣ್ಣ ದೇಹದ ಲೆಕ್ಕಾಚಾರ

ದೇಹ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಮೈಯ ಹೊರಮೈ ವಿಸ್ತಾರ ಹೆಚ್ಚು. ಆದಕಾರಣ ಸಣ್ಣ ಹಕ್ಕಿ ಮೈಶಾಖವನ್ನು ಬೇಗ ಕಳೆದುಕೊಳ್ಳುತ್ತದೆ. ಕೋಳಿಯ ಸಹಜ ಮೈಶಾಖ ಸುಮಾರು 41ರಿಂದ 42 ಡಿಗ್ರಿ ಸೆಲ್ಸಿಯಸ್. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ನೆನೆದ ಬ್ಯಾಂಟಮ್ ಈ ಶಾಖವನ್ನು ಉಳಿಸಿಕೊಳ್ಳಲಾರದೆ ಬಳಲುತ್ತದೆ. ಸಿಲ್ಕಿಯ ಪುಕ್ಕದಲ್ಲಿ ಎಳೆಗಳನ್ನು ಹೆಣೆದು ಹಿಡಿಯುವ ಕೊಂಡಿಗಳು ಇಲ್ಲದ ಕಾರಣ ಅದು ನೀರನ್ನು ಜಾರಿಸದೆ ಹೀರಿಕೊಳ್ಳುತ್ತದೆ. ಆ ತಳಿಗೆ ಒಣ ನೆಲ ಮತ್ತು ಮೇಲ್ಛಾವಣಿ ಕಡ್ಡಾಯ.

ಮರಿಗಳ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮೊದಲ ವಾರದಲ್ಲಿ ಬ್ರೂಡರ್‌ನ ಶಾಖ ಸುಮಾರು 35 ಡಿಗ್ರಿ ಇರಬೇಕು; ಅನಂತರ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸಬೇಕು. ಮರಿಗಳು ದೀಪದ ಕೆಳಗೆ ಒತ್ತೊತ್ತಾಗಿ ಸೇರಿದ್ದರೆ ಶಾಖ ಸಾಲದೆಂದೂ, ಅಂಚಿಗೆ ಸರಿದು ಬಾಯ್ತೆರೆದು ಉಸಿರಾಡುತ್ತಿದ್ದರೆ ಶಾಖ ಹೆಚ್ಚಾಯಿತೆಂದೂ ತಿಳಿಯಬೇಕು. ಸಾಮಾನ್ಯ ನೀರಿನ ಪಾತ್ರೆಯಲ್ಲಿ ಬ್ಯಾಂಟಮ್ ಮರಿ ಮುಳುಗಿ ಸಾಯುವುದುಂಟು. ಪಾತ್ರೆಯ ಅಂಚಿನಲ್ಲಿ ಸ್ವಚ್ಛವಾದ ಬೆಣಚುಕಲ್ಲು ಅಥವಾ ಗೋಲಿಗಳನ್ನು ಹಾಕಿದರೆ ಈ ನಷ್ಟ ತಪ್ಪುತ್ತದೆ.

ಅಳತೆಯ ತಪ್ಪು ಅತಿ ಹೆಚ್ಚು ಅಪಾಯ ತರುವುದು ಔಷಧದಲ್ಲಿ. ಜಂತುಹುಳು ನಿವಾರಕ ಮತ್ತು ಇತರ ಔಷಧಗಳ ಪ್ರಮಾಣ ದೇಹದ ತೂಕವನ್ನು ಅವಲಂಬಿಸಿದೆ. ಎರಡು ಕಿಲೋ ಕೋಳಿಗೆ ಗೊತ್ತುಪಡಿಸಿದ ಪ್ರಮಾಣವನ್ನು 500 ಗ್ರಾಮಿನ ಹಕ್ಕಿಗೆ ಕೊಟ್ಟರೆ ಅದು ನಾಲ್ಕು ಪಟ್ಟಾಗುತ್ತದೆ. ಡಬ್ಬಿಯ ಮೇಲೆ ನೂರು ಕೋಳಿಗೆ ಇಷ್ಟು ಎಂದು ಮುದ್ರಿಸಿರುವ ಪ್ರಮಾಣವನ್ನು ಬ್ಯಾಂಟಮ್‌ಗೆ ನೇರವಾಗಿ ಅನ್ವಯಿಸುವುದು ಸರಿಯಲ್ಲ. ಚಿನ್ನಬೆಳ್ಳಿ ವರ್ತಕರಷ್ಟು ಸೂಕ್ಷ್ಮ ತಕ್ಕಡಿ ಅಗತ್ಯವಿಲ್ಲದಿದ್ದರೂ, ಅಡುಗೆಮನೆಯಲ್ಲಿ ಬಳಸುವ ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಹಕ್ಕಿಯನ್ನು ತೂಗಿ ಪಶುವೈದ್ಯರಿಗೆ ತೂಕ ತಿಳಿಸಿ ಪ್ರಮಾಣ ಪಡೆಯಬೇಕು. ತೂಕದ ದಾಖಲೆಯಿಂದ ಇನ್ನೊಂದು ಲಾಭವೂ ಇದೆ. ದಟ್ಟ ಪುಕ್ಕದ ಹಕ್ಕಿ ಒಳಗೆ ಬಡಕಲಾಗಿದ್ದರೂ ಹೊರಗೆ ದುಂಡಗೆ ಕಾಣುತ್ತದೆ. ವಾರಕ್ಕೊಮ್ಮೆ ತೂಗಿದರೆ ಕಾಯಿಲೆಯ ಸುಳಿವು ಮೊದಲೇ ಸಿಗುತ್ತದೆ.

ದೊಡ್ಡ ಸೀಸೆ, ಚಿಕ್ಕ ಹಿಂಡು

ನಮ್ಮಲ್ಲಿ ಕೊಕ್ಕರೆ ರೋಗವೆಂದು ಕರೆಯುವ ರಾಣಿಖೇತ್ ರೋಗ ಕೋಳಿಗಳಿಗೆ ಮೃತ್ಯುಸದೃಶವಾದ ವೈರಾಣು ರೋಗ. 1926ರಲ್ಲಿ ಇದು ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿಯೂ ಗುರುತಿಸಲ್ಪಟ್ಟಿತು. ಅದಾದ ಸ್ವಲ್ಪ ಕಾಲದಲ್ಲೇ ಭಾರತದ ರಾಣಿಖೇತ್‌ನಲ್ಲಿ ಕಾಣಿಸಿಕೊಂಡು ಇಲ್ಲಿ ಆ ಹೆಸರು ಪಡೆಯಿತು. ಏದುಸಿರು, ಹಸಿರು ಭೇದಿ, ಕತ್ತು ತಿರುಚಿಕೊಳ್ಳುವುದು, ಕಾಲು ರೆಕ್ಕೆಗಳ ಪಾರ್ಶ್ವವಾಯು ಇದರ ಲಕ್ಷಣಗಳು. ಇದಕ್ಕೆ ಚಿಕಿತ್ಸೆಯಿಲ್ಲ, ಲಸಿಕೆಯೊಂದೇ ರಕ್ಷಣೆ. ಮರಿಗಳಿಗೆ 5ರಿಂದ 7ನೆಯ ದಿನದಲ್ಲಿ ಎಫ್ ಅಥವಾ ಲಸೋಟ ಲಸಿಕೆಯನ್ನು ಕಣ್ಣಿಗೆ ಇಲ್ಲವೇ ಮೂಗಿಗೆ ಹನಿಯಾಗಿಯೂ, 6ರಿಂದ 8 ವಾರಗಳ ವಯಸ್ಸಿನಲ್ಲಿ ಆರ್‌2ಬಿ ಲಸಿಕೆಯನ್ನು ಚುಚ್ಚುಮದ್ದಾಗಿಯೂ ನೀಡುವುದು ರೂಢಿ. ಆರ್‌2ಬಿ ಸ್ವಲ್ಪ ತೀಕ್ಷ್ಣ ಸ್ವರೂಪದ್ದಾದುದರಿಂದ ಬಲಹೀನ ಹಕ್ಕಿಗಳಿಗೆ ಪಶುವೈದ್ಯರ ಸಲಹೆಯಿಲ್ಲದೆ ಕೊಡಬಾರದು.

ಎರಡನೆಯದು ಮಾರೆಕ್ಸ್ ರೋಗ. ಹಂಗೇರಿಯ ಪಶುವೈದ್ಯ ಯೋಸೆಫ್ ಮಾರೆಕ್ 1907ರಲ್ಲಿ ವಿವರಿಸಿದ ಈ ರೋಗಕ್ಕೆ ಸಿಲ್ಕಿ ಮತ್ತು ಸೆಬ್ರೈಟ್ ತಳಿಗಳು ಬೇಗ ತುತ್ತಾಗುತ್ತವೆ. ಒಂದು ಕಾಲನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಚಾಚಿ ಬೀಳುವ ಎಳೆಯ ಹಕ್ಕಿ ಇದರ ಪರಿಚಿತ ಚಿತ್ರ. ಕಣ್ಣಿನ ಪಾಪೆ ಬೂದಾಗುವುದು, ಒಳಾಂಗಗಳಲ್ಲಿ ಗಡ್ಡೆ ಬೆಳೆಯುವುದೂ ಉಂಟು. ವೈರಾಣು ಪುಕ್ಕದ ಬುಡದ ಹೊಟ್ಟಿನೊಂದಿಗೆ ಉದುರಿ ಧೂಳಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಇದಕ್ಕೆ ಲಸಿಕೆಯನ್ನು ಮರಿ ಹುಟ್ಟಿದ ದಿನವೇ ಹಾಕಬೇಕು. ಸೋಂಕು ತಗುಲಿದ ಬಳಿಕ ಹಾಕಿದರೆ ಪ್ರಯೋಜನವಿಲ್ಲ. ಲಸಿಕೆಯು ರೋಗವನ್ನು ತಡೆಯುತ್ತದೆಯೇ ಹೊರತು ಸೋಂಕನ್ನಲ್ಲ. ಆದಕಾರಣ ಲಸಿಕೆ ಪಡೆದ ಹಕ್ಕಿಯೂ ಲಸಿಕೆಯಿಲ್ಲದ ಹಕ್ಕಿಗೆ ವೈರಾಣು ಹರಡಬಲ್ಲದು. ಮೊದಲ ಕೆಲವು ವಾರ ಮರಿಗಳನ್ನು ದೊಡ್ಡ ಹಕ್ಕಿಗಳಿಂದ ದೂರವಿಟ್ಟು ಬೆಳೆಸುವುದು ಇದಕ್ಕಾಗಿಯೇ. ಸೊಳ್ಳೆಗಳಿಂದ ಹರಡುವ ಕೋಳಿ ಸಿಡುಬಿಗೂ ಲಸಿಕೆ ಲಭ್ಯವಿದೆ. ಅದನ್ನು ರೆಕ್ಕೆಯ ಪೊರೆಗೆ ಚುಚ್ಚಿ ಕೊಡುತ್ತಾರೆ.

ಇಲ್ಲಿ ಒಂದು ಮುಖ್ಯ ಭೇದವನ್ನು ಗಮನಿಸಬೇಕು. ಔಷಧದ ಪ್ರಮಾಣ ತೂಕವನ್ನು ಅನುಸರಿಸುತ್ತದೆ. ಲಸಿಕೆಯ ಡೋಸ್ ಹಾಗಲ್ಲ. ಹಕ್ಕಿ ಚಿಕ್ಕದೆಂದು ಲಸಿಕೆಯನ್ನು ಅರ್ಧ ಅಥವಾ ಕಾಲು ಮಾಡಿದರೆ ರಕ್ಷಣೆಯೇ ಉಂಟಾಗದಿರಬಹುದು.

ಲಸಿಕೆ ಲಭ್ಯವಿದ್ದರೂ ಸಣ್ಣ ಸಾಕಣೆದಾರರ ಹಕ್ಕಿಗಳು ಅದಿಲ್ಲದೆ ಸಾಯುತ್ತಿರುವುದೇಕೆ? ಸೀಸೆಗಳು ನೂರಾರು ಇಲ್ಲವೇ ಸಾವಿರ ಡೋಸ್‌ಗಳ ಪ್ರಮಾಣದಲ್ಲಿ ಬರುತ್ತವೆ. ಕರಗಿಸಿದ ಲಸಿಕೆಯನ್ನು ಒಂದೆರಡು ಗಂಟೆಗಳೊಳಗೆ ಬಳಸಿ ಮುಗಿಸಬೇಕು, ಉಳಿದದ್ದು ವ್ಯರ್ಥ. ಸಂಗ್ರಹಿಸಿಡುವಾಗ 2ರಿಂದ 8 ಡಿಗ್ರಿ ಶೀತ ಬೇಕು. ಹದಿನೈದು ಮರಿಗಳಿರುವವನು ಇಷ್ಟೆಲ್ಲ ಏರ್ಪಾಟು ಏಕೆಂದು ಕೈಬಿಡುತ್ತಾನೆ.

ಪರಿಹಾರ ಸಾಮೂಹಿಕ ಏರ್ಪಾಟಿನಲ್ಲಿದೆ. ಒಂದು ಊರಿನ ಮಾರಾಟಗಾರರು ಮತ್ತು ಸಾಕಣೆದಾರರು ತಿಂಗಳಿಗೊಂದು ಲಸಿಕಾ ದಿನವನ್ನು ಗೊತ್ತುಪಡಿಸಿ, ಅದಕ್ಕೆ ಹೊಂದುವಂತೆ ಮೊಟ್ಟೆಗಳನ್ನು ಕಾವಿಗೆ ಇಟ್ಟರೆ ಮರಿಗಳ ವಯಸ್ಸೂ ಒಂದಾಗುತ್ತದೆ, ಸೀಸೆಯ ವೆಚ್ಚವೂ ಹಂಚಿಹೋಗುತ್ತದೆ. ಬ್ಯಾಂಟಮ್ ಮೊಟ್ಟೆಗಳು 19ರಿಂದ 21 ದಿನಗಳಲ್ಲಿ ಒಡೆಯುವುದರಿಂದ ದಿನ ಗೊತ್ತುಮಾಡುವುದು ಕಷ್ಟವಲ್ಲ. ಆದರೆ ಲಸಿಕೆಗಾಗಿ ಬೇರೆ ಬೇರೆ ಹಿಂಡುಗಳನ್ನು ಒಂದೆಡೆ ತಂದು ಕೂಡಿಸಬಾರದು. ಲಸಿಕೆ ಹಾಕುವವರು ತಣ್ಣನೆಯ ಪೆಟ್ಟಿಗೆಯೊಂದಿಗೆ ಮನೆಯಿಂದ ಮನೆಗೆ ಹೋಗಬೇಕು, ಪ್ರತಿ ಮನೆಯಲ್ಲೂ ಕೈ ಮತ್ತು ಪಾದರಕ್ಷೆ ತೊಳೆಯಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯು ಕೋಳಿ ಲಸಿಕೆಗಳನ್ನು ತಯಾರಿಸುತ್ತದೆ. ಹತ್ತಿರದ ಪಶು ಆಸ್ಪತ್ರೆಯ ಮೂಲಕ ವಿಚಾರಿಸಿ ಏರ್ಪಾಟು ಮಾಡಿಕೊಳ್ಳಬಹುದು.

ತೇವ ಮತ್ತು ಬೂಷ್ಟು

ಮರಿಗಳ ರಕ್ತಭೇದಿಗೆ ಕಾಕ್ಸಿಡಿಯಾ ಎಂಬ ಸೂಕ್ಷ್ಮಜೀವಿ ಕಾರಣ. ಹಿಕ್ಕೆಯಲ್ಲಿ ಹೊರಬಿದ್ದ ಇದರ ಬೀಜಾಣು, ತೇವ ಮತ್ತು ಬೆಚ್ಚಗಿರುವ ಹಾಸಿನಲ್ಲಿ ಒಂದೆರಡು ದಿನಗಳಲ್ಲಿ ಸೋಂಕುಕಾರಿಯಾಗುತ್ತದೆ. ಭತ್ತದ ಹೊಟ್ಟಿನ ಹಾಸನ್ನು ಆಗಾಗ ಕೆದಕಿ ಒಣಗಿಸುವುದು, ನೀರಿನ ಪಾತ್ರೆಯ ಸುತ್ತ ಒದ್ದೆಯಾದ ಭಾಗವನ್ನು ಅಂದಂದೇ ತೆಗೆಯುವುದು ಔಷಧಕ್ಕಿಂತ ಮೇಲಾದ ಉಪಾಯ. ಮರಿಗಳು ಮಂಕಾಗಿ ಪುಕ್ಕ ಕೆದರಿ ನಿಂತು, ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಚಿಕಿತ್ಸೆ ಆರಂಭವಾಗಬೇಕು. ಸಣ್ಣ ಮರಿಗೆ ರಕ್ತನಷ್ಟ ತಡೆದುಕೊಳ್ಳುವ ಶಕ್ತಿ ಕಡಿಮೆ.

ಆಹಾರದ ಚೀಲದ ಲೆಕ್ಕವನ್ನೂ ನೋಡಬೇಕು. ವಯಸ್ಕ ಬ್ಯಾಂಟಮ್ ದಿನಕ್ಕೆ ಸುಮಾರು 50 ಗ್ರಾಮ್ ಆಹಾರ ತಿನ್ನುತ್ತದೆ. ಹತ್ತು ಹಕ್ಕಿಗಳಿಗೆ ದಿನಕ್ಕೆ ಅರ್ಧ ಕಿಲೋ. 50 ಕಿಲೋ ಚೀಲ ನೂರು ದಿನ ಬರುತ್ತದೆ. ಮಳೆಗಾಲದಲ್ಲಿ ಬಾಯಿ ಬಿಚ್ಚಿದ ಚೀಲ ಮೂರು ತಿಂಗಳು ಕೆಡದೆ ಉಳಿಯುವುದು ದುಸ್ಸಾಧ್ಯ. ತೇವಗೊಂಡ ಮೆಕ್ಕೆಜೋಳ ಮತ್ತು ಕಡಲೆಕಾಯಿ ಹಿಂಡಿಯಲ್ಲಿ ಬೆಳೆಯುವ ಬೂಷ್ಟು ಅಫ್ಲಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತದ್ದು ಇಂತಹ ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದಲೇ. ಈ ವಿಷ ಬಿಸಿಲಿಗೆ ಒಣಗಿಸಿದರೂ ಹೋಗುವುದಿಲ್ಲ. ಮೊಟ್ಟೆಕೋಳಿ ಆಹಾರದಲ್ಲಿ ಸುಣ್ಣದ ಅಂಶ ಹೆಚ್ಚಿರುವುದರಿಂದ ಅದನ್ನು ಮರಿಗಳಿಗೆ ಕೊಡಬಾರದು; ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.

ನುಸಿ ಮತ್ತು ಹೇನು

ಹಗಲು ಗೂಡಿನ ಬಿರುಕುಗಳಲ್ಲಿ ಅಡಗಿದ್ದು ರಾತ್ರಿ ರಕ್ತ ಹೀರುವ ಕೆಂಪು ನುಸಿ ಪುಟ್ಟ ಹಕ್ಕಿಗೆ ಬಲು ಅಪಾಯಕಾರಿ. ಜುಟ್ಟು ಬಿಳಿಚಿಕೊಳ್ಳುವುದು, ರಾತ್ರಿ ಗೂಡಿಗೆ ಹೋಗಲು ಹಿಂಜರಿಯುವುದು ಇದರ ಸೂಚನೆ. ಹಕ್ಕಿಗೆ ಮಾತ್ರ ಮದ್ದು ಮಾಡಿದರೆ ಸಾಲದು. ಗೂಡನ್ನು ಖಾಲಿ ಮಾಡಿ, ಬಿರುಕುಗಳನ್ನು ಶುದ್ಧಗೊಳಿಸಿ ಮುಚ್ಚಬೇಕು.

ಕಾಲಿನ ಹುರುಪೆಗಳ ಕೆಳಗೆ ಕೊರೆದು ಸೇರುವ ನುಸಿಯಿಂದ ಕಾಲು ದಪ್ಪಗಾಗಿ ಸುಣ್ಣ ಬಳಿದಂತೆ ಕಾಣುತ್ತದೆ. ಕಾಲಿನಲ್ಲಿ ಪುಕ್ಕವಿರುವ ತಳಿಗಳಲ್ಲಿ ಇದು ಬೇಗ ಕಣ್ಣಿಗೆ ಬೀಳುವುದಿಲ್ಲ. ಬೆಚ್ಚಗಿನ ಸಾಬೂನು ನೀರಿನಲ್ಲಿ ಕಾಲು ನೆನೆಸಿ, ಮೃದುವಾಗಿ ಶುಚಿಗೊಳಿಸಿ, ವ್ಯಾಸಲೀನ್ ದಪ್ಪವಾಗಿ ಸವರುವುದನ್ನು ಕೆಲವು ವಾರ ಮುಂದುವರಿಸಬೇಕು. ಹುರುಪೆಯನ್ನು ಕಿತ್ತರೆ ಗಾಯವಾಗುತ್ತದೆ. ಕಾವು ಕೂತ ಹೇಂಟೆ ಮಣ್ಣುಸ್ನಾನವನ್ನೂ ಮೇವನ್ನೂ ಮರೆಯುವುದರಿಂದ ಹೇನು ಹೆಚ್ಚುತ್ತದೆ. ಬ್ಯಾಂಟಮ್‌ಗಳಲ್ಲಿ ಕಾವಿನ ಪ್ರವೃತ್ತಿ ಪ್ರಬಲವಾದ ಕಾರಣ ದಿನಕ್ಕೊಮ್ಮೆ ಹೇಂಟೆಯನ್ನು ಎಬ್ಬಿಸಿ ಮೇವು ನೀರು ತೋರಿಸುವುದು ಸೂಕ್ತ.

ತಳಿಯೊಂದಿಗೆ ಬರುವ ತೊಂದರೆಗಳು

ಕೆಲವು ದೋಷಗಳು ಅಂದದೊಂದಿಗೇ ಬರುತ್ತವೆ. ಚಾಬೋ ತಳಿಯ ಗಿಡ್ಡ ಕಾಲಿಗೆ ಕಾರಣವಾದ ವಂಶವಾಹಿಯು ತಂದೆತಾಯಿ ಎರಡರಿಂದಲೂ ಬಂದರೆ ಭ್ರೂಣ ಮೊಟ್ಟೆಯೊಳಗೇ ಸಾಯುತ್ತದೆ. ಗಿಡ್ಡ ಕಾಲಿನ ಜೋಡಿಯ ಫಲಿತ ಮೊಟ್ಟೆಗಳಲ್ಲಿ ಸರಾಸರಿ ನಾಲ್ಕನೆಯ ಒಂದು ಭಾಗ ಹೀಗೆ ನಷ್ಟವಾಗುವುದು ಸಹಜ. ಕಾವಿಗಾಗಿ ಮೊಟ್ಟೆ ಮಾರುವವರು ಇದನ್ನು ಕೊಳ್ಳುವವರಿಗೆ ಮೊದಲೇ ತಿಳಿಸಿದರೆ ವೃಥಾ ತಕರಾರು ತಪ್ಪುತ್ತದೆ. ಸಿಲ್ಕಿಯಂತಹ ಜುಟ್ಟುಳ್ಳ ಹಕ್ಕಿಗಳಲ್ಲಿ ತಲೆಬುರುಡೆ ಉಬ್ಬಿದ್ದು, ಇತರ ಹಕ್ಕಿ ಕುಕ್ಕಿದರೆ ಮಿದುಳಿಗೆ ಪೆಟ್ಟಾಗಬಹುದು. ಇವುಗಳನ್ನು ದೊಡ್ಡ ಜಾತಿಯ ಕೋಳಿಗಳೊಂದಿಗೆ ಕೂಡಿಹಾಕಬಾರದು. ಕಣ್ಣಿಗೆ ಇಳಿಬಿದ್ದ ಪುಕ್ಕವನ್ನು ಕತ್ತರಿಸಿ ನೋಟ ಸುಗಮಗೊಳಿಸಬೇಕು.

ಹೊಸ ಹಕ್ಕಿಗೆ ಮೂವತ್ತು ದಿನ

ಹಿಂಡಿಗೆ ರೋಗ ಬರುವ ಮುಖ್ಯ ದಾರಿ ಹೊಸದಾಗಿ ಕೊಂಡ ಹಕ್ಕಿ. ದೀರ್ಘಕಾಲದ ಉಸಿರಾಟದ ರೋಗಕ್ಕೆ ಕಾರಣವಾದ ಮೈಕೋಪ್ಲಾಸ್ಮಾ ಸೋಂಕುಳ್ಳ ಹಕ್ಕಿ ಚೇತರಿಸಿಕೊಂಡಂತೆ ಕಂಡರೂ ಸೋಂಕನ್ನು ಹೊತ್ತೇ ಇರುತ್ತದೆ. ಮೊಟ್ಟೆಯ ಮೂಲಕ ಮರಿಗೂ ದಾಟಿಸುತ್ತದೆ. ಹೊರಗಿನಿಂದ ತಂದ ಹಕ್ಕಿಯನ್ನು ಮೂವತ್ತು ದಿನ ಬೇರೆ ಜಾಗದಲ್ಲಿ, ಬೇರೆ ಪಾತ್ರೆಗಳೊಂದಿಗೆ ಇರಿಸಬೇಕು. ಮೊದಲು ಹಳೆಯ ಹಿಂಡಿನ ಕೆಲಸ ಮುಗಿಸಿ, ಕೊನೆಯಲ್ಲಿ ಹೊಸ ಹಕ್ಕಿಯ ಕೆಲಸ ಮಾಡುವುದು ನಿಯಮವಾಗಬೇಕು.

ಸಾಕುಪ್ರಾಣಿ ಅಂಗಡಿಗಳಿಗೆ ಮೂವತ್ತು ದಿನ ಬಂಡವಾಳ ಕಟ್ಟಿಹಾಕುವುದು ಭಾರವೆನಿಸಬಹುದು. ಆದರೆ ಹತ್ತು ಕಡೆಯ ಹಕ್ಕಿಗಳನ್ನು ಒಂದೇ ಪಂಜರದಲ್ಲಿ ಬೆರೆಸಿ ಮಾರುವ ಅಂಗಡಿ ತನ್ನ ಗಿರಾಕಿಗೆ ಹಕ್ಕಿಯೊಂದಿಗೆ ರೋಗವನ್ನೂ ಮಾರಿದಂತೆ. ಆ ಹಕ್ಕಿ ಹಳ್ಳಿಯ ಮನೆಗೆ ಹೋದರೆ ಹಿತ್ತಲಿನ ನಾಟಿ ಕೋಳಿಗಳಿಗೂ ರೋಗ ತಗಲುತ್ತದೆ. ನಾಲ್ಕಾರು ನಾಟಿ ಕೋಳಿಗಳ ಮೊಟ್ಟೆಯಿಂದ ಮನೆಯ ಕೈಖರ್ಚು ನಡೆಸುವ ಹೆಣ್ಣುಮಗಳಿಗೆ ಆ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ಕಾನೂನಿನ ಹೊಣೆ

ಹಕ್ಕಿಜ್ವರ ಭಾರತದಲ್ಲಿ ಮೊದಲ ಬಾರಿಗೆ 2006ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿಕೊಂಡಿತು. 2012ರಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿಯೂ ದೃಢಪಟ್ಟಿತು. ರೋಗ ದೃಢಪಟ್ಟ ವಲಯದಲ್ಲಿ ಹಕ್ಕಿಗಳನ್ನು ಕೊಲ್ಲುವಾಗ ಅಲಂಕಾರದ ಕೋಳಿಗೆ ವಿನಾಯಿತಿಯಿಲ್ಲ. ಪರಿಹಾರ ದೊರೆಯುವುದು ಸರ್ಕಾರ ನಿಗದಿಪಡಿಸಿದ ದರದಲ್ಲಿ. ತಳಿಯ ಮಾರುಕಟ್ಟೆ ಬೆಲೆಯಲ್ಲಲ್ಲ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ನಿಯಂತ್ರಣಕ್ಕಾಗಿ 2009ರಲ್ಲಿ ಬಂದ ಕೇಂದ್ರ ಕಾಯ್ದೆಯ ಪ್ರಕಾರ ಹಕ್ಕಿಜ್ವರ ಮತ್ತು ರಾಣಿಖೇತ್ ರೋಗದ ಶಂಕೆಯನ್ನು ವರದಿ ಮಾಡುವುದು ಮಾಲೀಕರ ಕರ್ತವ್ಯ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳು ಹಕ್ಕಿ ಮಾರುವ ಅಂಗಡಿಗೂ ಅನ್ವಯಿಸುತ್ತವೆ. ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮತ್ತು ದಾಖಲೆ ನಿರ್ವಹಣೆ ಕಡ್ಡಾಯ. ಪ್ರತಿಜೀವಕ ಔಷಧಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ. ಆಹಾರಕ್ಕಾಗಿ ಸಾಕುವ ಪ್ರಾಣಿಗಳು ಮತ್ತು ಕೋಳಿಗಳಿಗೆ ಕೊಲಿಸ್ಟಿನ್ ಬಳಕೆಯನ್ನು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿದೆ.

ಸಣ್ಣ ಉದ್ಯಮಗಳಿಗೆ ಅವಕಾಶ

ಮೇಲಿನ ಪ್ರತಿಯೊಂದು ತೊಂದರೆಯ ಹಿಂದೆ ಒಂದು ಸಾಮಗ್ರಿಯ ಬೇಡಿಕೆಯಿದೆ. ಮರಿ ಮುಳುಗದಂತೆ ಕಿರಿದಾದ ಅಂಚುಳ್ಳ ಪ್ಲಾಸ್ಟಿಕ್ ನೀರಿನ ಪಾತ್ರೆ. ಸಣ್ಣ ಕೊಕ್ಕಿಗೆ ಹೊಂದುವಂತೆ ನುಚ್ಚಾಗಿಸಿ, ತಯಾರಿಕೆಯ ದಿನಾಂಕ ಮುದ್ರಿಸಿ, ಗಾಳಿಯಾಡದಂತೆ ಕಟ್ಟಿದ 5 ಕಿಲೋ ಆಹಾರದ ಪೊಟ್ಟಣ. ಬಿರುಕಿಲ್ಲದೆ, ತೊಳೆಯಲು ಬಿಡಿಸಬಹುದಾದ ಗೂಡು. ಥರ್ಮಾಮೀಟರ್ ಅಳವಡಿಸಿದ ಇಪ್ಪತ್ತು ಮರಿಗಳ ಬ್ರೂಡರ್. ಒಮ್ಮೆ ಬಳಸಿ ಬಿಸಾಡುವ ಸಾಗಣೆಯ ರಟ್ಟಿನ ಪೆಟ್ಟಿಗೆ. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಯಂತ್ರಸ್ಥಾವರ ಬೇಕಿಲ್ಲ. ತಗಡು, ಪ್ಲಾಸ್ಟಿಕ್, ಮರಗೆಲಸ ಮತ್ತು ರಟ್ಟಿನ ಪೆಟ್ಟಿಗೆಯ ಘಟಕಗಳು ಈಗಿರುವ ಸಲಕರಣೆಗಳಿಂದಲೇ ತಯಾರಿಸಬಹುದು.

ಮಾರಾಟಗಾರರು ಕೂಡಲೇ ಕೈಗೊಳ್ಳಬಹುದಾದ ಒಂದು ಕ್ರಮವಿದೆ. ಪ್ರತಿ ಜೋಡಿಯೊಂದಿಗೆ ಹುಟ್ಟಿದ ದಿನಾಂಕ, ಮಾರುವ ದಿನದ ತೂಕ, ಹಾಕಿಸಿದ ಲಸಿಕೆಗಳ ಹೆಸರು ಮತ್ತು ದಿನಾಂಕ, ಜಂತುಹುಳು ಔಷಧ ಕೊಟ್ಟ ದಿನಾಂಕಗಳಿರುವ ಒಂದು ಚೀಟಿಯನ್ನು ಕೊಡುವುದು. ಅಂತಹ ಚೀಟಿಯುಳ್ಳ ಹಕ್ಕಿಗೆ ಗಿರಾಕಿ ಹೆಚ್ಚು ಬೆಲೆ ಕೊಡಲು ಹಿಂಜರಿಯಲಾರ. ಚೀಟಿ ಬರೆಯಬೇಕಾದ ಮಾರಾಟಗಾರನೂ ಲಸಿಕೆ ಹಾಕಿಸದಿರಲಾರ.